ಗಾಯ ಆರಿದ ದಿನ

೧೯೦೧ನೇ ಇಸವಿಯಲ್ಲಿ ನನ್ನ ಓದು ನಿಂತಿತು. ಅಪ್ಪ ತೀರಿಕೊಂಡರು, ಮೂರನೇ ಕ್ಲಾಸಿನಿಂದ ಎದ್ದವನು ನೇರ ಎತ್ತಿನ ಗಾಡಿಯ ಮೂಕಿಯ ಮೇಲೆ ಕುಳಿತೆ. ಹಿರಿಯೂರಿನಿಂದ ದುರ್ಗಕ್ಕೆ ಹತ್ತಿಯ ಮೂಟೆ ಸಾಗಿಸಿ ಮನೆ ಕಟ್ಟಿದೆ. ಯಾರ ಮುಂದೂ ಕೈಯೊಡ್ಡಲಿಲ್ಲ. ಮಗ ಚನ್ನಬಸಪ್ಪ ಓದಿ ಅಮಲ್ದಾರರ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂರಬೇಕು ಎಂಬುದೊಂದೇ ನನ್ನ ಹಟವಾಗಿತ್ತು.

ಎಂಟನೇ ವರ್ಷಕ್ಕೆ ಅವನಿಗೆ ಹೊಟ್ಟೆನೋವು ಶುರುವಾಯಿತು. ಬೆಳಿಗ್ಗೆ ರೊಟ್ಟಿ ತಿಂದು ಸ್ಲೇಟು ಎತ್ತಿಕೊಂಡರೆ ವಾಂತಿ. ರಾತ್ರಿ ಹಾಸಿಗೆ ಒದ್ದೆ. ಮೈ ಕರಗಿತು. ನನ್ನ ಹೆಂಡತಿ ಗೌರಮ್ಮ ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದಳು, ದೃಷ್ಟಿ ತೆಗೆದಳು. ಆಸ್ಪತ್ರೆಯ ಡಾಕ್ಟರು ನಾಲಿಗೆ ನೋಡಿ, ಹುಳ ಎಂದು ಮಿಕ್ಸ್ಚರು ಕೊಟ್ಟರು. ಅದೂ ವಾಂತಿಯಾಯಿತು.

ಕೊನೆಗೆ ಪಕ್ಕದ ಹಳ್ಳಿ ಆದಿವಾಲದ ಒಬ್ಬ ಅಜ್ಜಿಯಿಂದ ಬರೆ ಹಾಕಿಸಿದೆವು. ನಮ್ಮ ಕಡೆ ಮಕ್ಕಳ ಹೊಟ್ಟೆನೋವಿಗೆ ಅದೇ ಕಡೆಯ ಮದ್ದು. ಅರಿಶಿನದ ಕೊಂಬನ್ನು ದೀಪದಲ್ಲಿ ಕೆಂಪಗೆ ಕಾಯಿಸಿ ಹೊಕ್ಕುಳ ಪಕ್ಕ ಒತ್ತಿದಳು. ಕಾಲು ಹಿಡಿದವನು ನಾನೇ. ಹುಡುಗ ಕೂಗಲಿಲ್ಲ.

"ನಿನ್ನಂಗೇ ಗಟ್ಟಿ ಜೀವ ಐತೆ ಬಿಡಪ್ಪ" ಎಂದಳು ಅಜ್ಜಿ. ನನಗೆ ಹೆಮ್ಮೆಯಾಯಿತು.

ಗಾಯ ಮಾಗಲೆಂದು ಮನೆಯಲ್ಲೇ ಇರಿಸಿಕೊಂಡೆವು. ವಾಂತಿ ನಿಂತಿತು. ಮುದ್ದೆ ಕೇಳಿ ಉಂಡ. ಕರುವಿನ ಜೊತೆ ಜಗಳವಾಡಿದ. ಬರೆ ಹಿಡಿಯಿತೆಂದು ನಂಬಿ ಅಜ್ಜಿಗೆ ಸೀರೆ ಕಳಿಸಿದೆ. ಗಾಯ ಆರಿದ ದಿನ, ನಾನು ಎತ್ತಿನ ಮೈ ಉಜ್ಜುತ್ತಿದ್ದಾಗ ಅವನು ಪಕ್ಕಕ್ಕೆ ಬಂದು ನಿಂತ.

"ಅಪ್ಪಾ, ಇನ್ನೊಂದು ಬರೆ ಹಾಕಿಸ್ತೀಯಾ?"

ನೋವು ಐತೇನಲೇ ಎಂದೆ.

"ಇಲ್ಲ. ಇದು ಆರೋತು. ನಾಳೆ ಇಸ್ಕೂಲಿಗೆ ಹೋಗ್ಬೇಕಲ್ಲ."

ಉಜ್ಜುವುದು ಬಿಟ್ಟು ಅವನನ್ನು ಹತ್ತಿರ ಕೂರಿಸಿಕೊಂಡೆ.

ಶಾಲೆಯಲ್ಲಿ ಏನಾಗುತ್ತದೆಂದು ಮೆಲ್ಲಗೆ ಕೇಳಿದೆ. ಕಿವಿಗೆ ಬಿದ್ದ ಪಾಠವೆಲ್ಲ ಅವನಿಗೆ ಬಾಯಿಪಾಠ ಬರುತ್ತದಂತೆ. ಪುಸ್ತಕ ತೆರೆದರೆ ಮಾತ್ರ ನಿನ್ನೆ ತಿದ್ದಿದ ಅಕ್ಷರ ಇಂದು ಗುರುತೇ ಸಿಗದಷ್ಟು ಹೊಸದಾಗಿ ಕಾಣುತ್ತದಂತೆ. ಸರಿಯಾಗಿ ಓದಿದ ಹುಡುಗ ಓದಲಾರದವನ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಅದು ಆ ಶಾಲೆಯ ಕಟ್ಟಳೆ. ಇಡೀ ಕ್ಲಾಸು ಅವನನ್ನು ಹೊಡೆದಿತ್ತು, ಅವನಿಗಿಂತ ಚಿಕ್ಕವರೂ.

ಅವನನ್ನು ಕರೆದುಕೊಂಡು ಮೇಷ್ಟರ ಬಳಿ ಹೋದೆ. ಹೊಟ್ಟೆನೋವೆಲ್ಲ ನಾಟಕ ಎಂದರು. "ಗಾಡಿ ಹೊಡೆಯೋನಿಗೆ ಪುಸ್ತಕ ಯಾಕಪ್ಪ? ಕರ್ಕಂಡು ಹೋಗು."

ಮಗನ ಅಂಗಿ ಎತ್ತಿ ಬರೆ ತೋರಿಸಿದೆ. "ಇದೂ ನಾಟಕ ಏನ್ರಿ, ಮೇಷ್ಟ್ರೇ?"

ಅವರು ನಶ್ಯದ ಡಬ್ಬಿ ತೆರೆದರು.

ಶಾಲೆ ಬಿಡಿಸಿದೆ. ಸಂತೋಷದಿಂದಲ್ಲ. ನನ್ನ ಓದು ಬಿಡಿಸಿದ್ದು ಅಪ್ಪನ ಸಾವು. ಇವನ ಓದು ಬಿಡಿಸಿದ್ದು ಓದಿದವರೇ. ಯಾರಾದರೂ ಓದಲು ಕಾಗದ ತೆರೆದರೆ ಅವನು ಈಗಲೂ ಎದ್ದು ಕೊಟ್ಟಿಗೆಗೆ ಹೋಗುತ್ತಾನೆ. ಆದರೂ ಮಾತು ಕಮ್ಮಿ ಮಾಡಿದ್ದವನು ಈಚೆಗೆ ಎತ್ತುಗಳ ಹತ್ತಿರ ಮಾತಾಡುವುದು ಕೇಳಿಸುತ್ತದೆ. ಅಷ್ಟು ಸಾಕು.

ಈಗ ನನಗಿರುವುದು ಎರಡು ಗಾಡಿ, ನಾಲ್ಕು ಎತ್ತು, ಒಂದು ಕರು, ಹೆಂಡತಿ, ಬೆಳಿಗ್ಗೆ ತಿಂದದ್ದು ದಕ್ಕುವ ಒಬ್ಬ ಮಗ. ಮನೆಯಲ್ಲಿ ನನಗಿಂತ ಹೆಚ್ಚು ಓದಿದವರು ಯಾರೂ ಇಲ್ಲ.