ನೀಲಕ್ಕ ಹುಡುಕುತ್ತಿದ್ದ ದನಿ

ರೇಡಿಯೋ ಹಚ್ಚುವ ಮುನ್ನ ನೀಲಕ್ಕ ತಲೆತುಂಬ ಸೆರಗು ಹೊದ್ದುಕೊಳ್ಳುತ್ತಿದ್ದರು. ನಾನು ನಕ್ಕರೆ, “ಯಾರೋ ಅಷ್ಟು ದೂರದಿಂದ ಬಂದು ಹಾಡ್ತಾರೆ, ಬರೀ ತಲೇಲಿ ಕುಂತು ಕೇಳಾಕಾಗ್ತೈತೇನವ್ವ?” ಎನ್ನುತ್ತಿದ್ದರು.

ಐವತ್ತರ ದಶಕದ ಕೊನೆ. ಮದುವೆಯಾಗಿ ದಾವಣಗೆರೆಗೆ ಬಂದ ನಾನು ಚೌಕಿಪೇಟೆಯ ಅವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆ. ಅವರ ಯಜಮಾನರದು ಹತ್ತಿ ವ್ಯಾಪಾರ. ಸುದ್ದಿ ಕೇಳಲೆಂದು ಅವರು ತಂದ ರೇಡಿಯೋ ಕ್ರಮೇಣ ಹೆಂಡತಿಯ ಪಾಲಾಗಿತ್ತು. ಸಂಜೆ ದೀಪ ಹಚ್ಚಿ, ವಿಭೂತಿ ಇಟ್ಟು, ಅದರ ಮುಂದೆ ಕುಳಿತರೆಂದರೆ ತಿರುಗಣೆಯನ್ನು ಕೂದಲೆಳೆಯಷ್ಟೇ ಸರಿಸುತ್ತ ಪರದೇಶದ ಹಾಡುಗಳನ್ನು ಹುಡುಕುವರು. ದೇಶಗಳ ಹೆಸರು ಅವರಿಗೆ ಬಾರದು. “ಇವ್ರು ಹಿಮದಾಗಿರೋ ಮಂದಿ, ಬಾಯಿ ಪೂರ್ತಿ ತೆಗೆಯಲ್ಲ ನೋಡು.” “ಇವ್ರದು ಮರಳುಗಾಡು. ಒಂದು ಸೊಲ್ಲನ್ನ ಎಷ್ಟು ದೂರ ಎಳೀತಾರೆ, ನಡುವೆ ನೆಳ್ಳೇ ಇಲ್ದಂಗೆ.” ಎಲ್ಲಿಯದೋ ಡೋಲು ಕೇಳಿ, “ನಮ್ಮ ಸಮಾಳದೋರು ಅಲ್ಲೂ ಅದಾರೇನು!” ಎಂದು ಬೆರಗಾಗಿದ್ದರು.

ಇದೊಂದು ಮೋಜಿನ ಗೀಳು ಎಂದೇ ನಾನು ತಿಳಿದಿದ್ದೆ. ಕಾರಣ ಗೊತ್ತಾದದ್ದು ಒಂದು ಮಧ್ಯಾಹ್ನ, ಇಬ್ಬರೂ ಅಕ್ಕಿ ಆರಿಸುತ್ತ ಕುಳಿತಿದ್ದಾಗ. ಅವರ ಒಬ್ಬಳೇ ಮಗಳು ಪಾರ್ವತಿ ಹದಿನಾರಕ್ಕೆ ವಿಷಮಜ್ವರದಿಂದ ತೀರಿಕೊಂಡಿದ್ದಳು. ಸದಾ ಹಾಡುವ ಹುಡುಗಿ. ಮೇಲಕ್ಕೇರಿದ ದನಿ ಒಂದೆಡೆ ಚಟ್ಟನೆ ಒಡೆದು, ಮತ್ತೆ ತಾನೇ ಕೂಡಿಕೊಳ್ಳುತ್ತಿತ್ತಂತೆ. ಅವಳು ಹೋದ ಮೇಲೊಂದು ದಿನ ರೇಡಿಯೋ ಒರೆಸುವಾಗ ತಿರುಗಣೆ ಸರಿದು, ಯಾವುದೋ ದೇಶದ ಹೆಂಗಸೊಬ್ಬಳು ಹಾಡಿದಳು. ಆ ದನಿಯೂ ಹಾಗೆಯೇ ಒಡೆದು ಕೂಡಿತು.

“ಒರೆಸೋ ಅರಿವೆ ಇನ್ನೂ ಕೈಯಾಗೇ ಇತ್ತು ಸರೋಜಾ. ‘ಪಾರೀ’ ಅಂದೆ. ಓ ಅನ್ನಲಿಲ್ಲ. ಹಾಡ್ತಾನೇ ಇದ್ಲು.”

ಅಂದಿನಿಂದ ಅವರು ಹುಡುಕುತ್ತಿದ್ದದ್ದು ಅದೊಂದನ್ನೇ. ಆಗೀಗೊಮ್ಮೆ ಸಿಗುತ್ತಿತ್ತಂತೆ. ಉಳಿದ ಲೋಕದ ಹಾಡೆಲ್ಲ ದಾರಿಯಲ್ಲಿ ಸಿಕ್ಕಿದ್ದು.

ಶ್ರಾವಣದ ಒಂದು ಸಂಜೆ ನಾನು ಪಕ್ಕದಲ್ಲಿರುವಾಗಲೇ ಅದು ಬಂತು. ಗೊರಗೊರ ಸದ್ದಿನ ಆಚೆಯಿಂದ ಒಂಟಿ ಹೆಣ್ಣುದನಿ ಏರಿತು, ಒಡೆಯಿತು, ಕೂಡಿತು. ನೀಲಕ್ಕ ನನ್ನ ಮುಂಗೈ ಹಿಡಿದುಕೊಂಡರು. ಹಾಡು ಮುಗಿದು ಒಬ್ಬಾತ ಇಂಗ್ಲಿಷಿನಲ್ಲಿ ಮಾತು ಶುರುಮಾಡಿದ. ಮೆಟ್ರಿಕ್ ಓದಿದ್ದ ನಾನು ಕಿವಿಗೊಟ್ಟೆ. ನೀಲಕ್ಕ ತಟ್ಟನೆ ರೇಡಿಯೋ ಆರಿಸಿಬಿಟ್ಟರು.

“ಯಾಕ್ರಿ ನೀಲಕ್ಕ? ಯಾವ ದೇಶ ಅಂತ ಈಗ ಹೇಳ್ತಿದ್ದ.”

“ಬ್ಯಾಡವ್ವ. ಊರು ಗೊತ್ತಾದ್ರೆ ಅಲ್ಲಿ ಆಕಿಗೊಬ್ಬಳು ತಾಯಿ ಇರ್ತಾಳೆ. ಆಮೇಲೆ ನಾನೆಲ್ಲಿಗೆ ಹೋಗ್ಲಿ?”

ಅಂದು ಹಿತ್ತಲು ದಾಟಿ ನನ್ನ ಬಾಗಿಲು ಸೇರುವಷ್ಟರಲ್ಲಿ ಮತ್ತೆ ಮತ್ತೆ ಹಿಂತಿರುಗಿ ನೋಡಿದೆ. ನಾನೆಂದೂ ಕಾಣದ ಹುಡುಗಿ ಅಂಗಳದಲ್ಲಿ ನಿಂತಿದ್ದಾಳೆ ಅನ್ನಿಸುತ್ತಿತ್ತು.

ಯಜಮಾನರು ತೀರಿಕೊಂಡ ಮೇಲೆ ನೀಲಕ್ಕ ಹರಿಹರದ ತಮ್ಮನ ಮನೆ ಸೇರಿದರು. ಹೊಳೆ ಕಡೆಯ ಆ ಓಣಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ನೋಡಲು ಹೋದಾಗ, “ರೇಡಿಯೋ ಇಲ್ಲದೆ ಬೇಸರ ಆಗಲ್ವೇನ್ರಿ?” ಎಂದೆ.

“ಎಲ್ಲಾ ಇಲ್ಲೇ ಐತೆ,” ಎಂದು ಎದೆ ಮುಟ್ಟಿಕೊಂಡು, ಮರಳುಗಾಡಿನವರದನ್ನೂ ಹಿಮದವರದನ್ನೂ ಸಣ್ಣಗೆ ಗುನುಗಿದರು.

“ಪಾರಿದೊಂದೇ ಹೋತು ನೋಡವ್ವ. ಹೆಂಗೆ ಹಾಡ್ತಿದ್ಲು ಅಂತ ನೆನೆಸ್ಕಂಡ್ರೆ ರೇಡಿಯೋದಾಕಿ ದನೀನೇ ಬರ್ತೈತೆ. ಕೇಳಿ ಕೇಳಿ, ನನ್ನ ಮಗಳ ದನಿ ನಾನೇ ಅಳಿಸ್ಕಂಡೆ.”

ಕಣ್ಣೊರೆಸಿಕೊಂಡು ಎದ್ದರು. “ಹೋಗ್ಲಿ ಬಿಡು. ಆಕಿ ಯಾರ ಮಗಳೋ, ಎಲ್ಲದಾಳೋ, ತಣ್ಣಗಿರ್ಲಿ.”

ಅದೇ ಕೊನೆಯ ಭೇಟಿ. ಯುಗಾದಿಗೆ ಮುಂಚೆ ಸುದ್ದಿ ಬಂತು. ನಾವು ಹರಿಹರ ತಲುಪುವ ಹೊತ್ತಿಗೆ ಮಣ್ಣು ಮುಗಿದಿತ್ತು. ಕೊನೆಗಾಲದಲ್ಲಿ ಒಂದೇ ಹಾಡು ಹಾಡುತ್ತಿದ್ದರೆಂದು ತಮ್ಮನ ಹೆಂಡತಿ ಹೇಳಿದರು. “ಅದ್ಯಾವ ದೇಶದ್ದು ಅಂತ ನಿಮಗೇನಾರ ಗೊತ್ತೈತೇನ್ರಿ?” ಎಂದು ಕೇಳಿದರು.

ಗೊತ್ತಿಲ್ಲ ಎಂದೆ.