ಮಾರ್ಚ್ ಮೂವತ್ತೊಂದರ ಹೆಬ್ಬೆಟ್ಟು

ಮಕ್ಕಳು ಕಡಿಮೆ ಎಂದು ಸರ್ಕಾರ ಆ ವರ್ಷ ನಮ್ಮ ಹಳ್ಳಿಯ ಶಾಲೆಯ ಅನುದಾನವನ್ನು ಅರ್ಧಕ್ಕಿಳಿಸಿತು. ಮಕ್ಕಳು ಕಡಿಮೆಯಾದರೆ ಸೋರುವ ಸೂರಿನ ತೂತುಗಳೂ ಅರ್ಧವಾಗುತ್ತವೆಯೇ? ಆ ಅರ್ಧ ಹಣವೂ ಖಾತೆಗೆ ಬಿದ್ದದ್ದು ಮಾರ್ಚ್ ಕೊನೆಯ ವಾರದಲ್ಲಿ. ಮೂವತ್ತೊಂದರೊಳಗೆ ತೆಗೆಯದಿದ್ದರೆ ವಾಪಸ್ಸು.

ಹಣ ತೆಗೆಯಲು ಮುಖ್ಯ ಶಿಕ್ಷಕಿಯಾದ ನನ್ನ ಜೊತೆ ಶಾಲಾ ಸಮಿತಿಯ ಅಧ್ಯಕ್ಷೆಯೂ ಬರಬೇಕು. ಆಕೆ ಕೂಲಿಗೆ ಹೋಗುವ ಹೆಂಗಸು. ಕೊನೆಯ ದಿನ ಟೊಮೇಟೊ ತೋಟದಿಂದಲೇ ಆಕೆಯನ್ನು ಕರೆದುಕೊಂಡು, ಬೂದಿಕೋಟೆಯಲ್ಲಿ ಬಸ್ಸು ಹತ್ತಿ, ಬಂಗಾರಪೇಟೆಯ ಬ್ಯಾಂಕು ಸೇರುವಷ್ಟರಲ್ಲಿ ಬಾಗಿಲು ಮುಚ್ಚಲು ಅರ್ಧ ಗಂಟೆ ಉಳಿದಿತ್ತು.

ಹಣ ತೆಗೆಯುವ ಚೀಟಿಯ ಮೇಲೆ ಆಕೆ ನಿಧಾನವಾಗಿ ತನ್ನ ಹೆಸರು ಬರೆದಳು. ಆ ವರ್ಷವೆಲ್ಲ, ಸಂಜೆ ಶಾಲೆ ಬಿಟ್ಟ ಮೇಲೆ, ಆ ಅಕ್ಷರಗಳನ್ನು ಕಲಿಸಿದವಳು ನಾನೇ. ನಾನು ಬೀಗುತ್ತಾ ನಿಂತಿದ್ದೆ.

ಗುಮಾಸ್ತ ಚೀಟಿಯನ್ನು ಹಿಂದಕ್ಕೆ ತಳ್ಳಿದ. "ನಮ್ಮ ಹತ್ರ ಇರೋದು ಇವರ ಹೆಬ್ಬೆಟ್ಟು. ಸಹಿ ಮಾಡ್ಬೇಕು ಅಂದ್ರೆ ಅರ್ಜಿ ಕೊಡಿ, ಒಂದು ವಾರ ಆಗುತ್ತೆ."

ಕಲಿಸಿದವಳಿಗೇ ಇದು ಹೊಳೆದಿರಲಿಲ್ಲ. ನನ್ನ ಮೇಲಿನ ಸಿಟ್ಟನ್ನು ಗುಮಾಸ್ತನ ಮೇಲೆ ತೀರಿಸಿಕೊಳ್ಳಲು ದನಿ ಏರಿಸಿದೆ. ಆಕೆ ನನ್ನ ಕೈ ಹಿಡಿದೆಳೆದಳು.

"ಸುಮ್ಕಿರಿ ಮೇಡಂ, ದುಡ್ಡು ವಾಪಸ್ ಓಗ್ಬಿಡ್ತದೆ. ಇನ್ನೊಂದು ಚೀಟಿ ಈಸ್ಕಳಿ."

ಹೊಸ ಚೀಟಿಯ ಮೇಲೆ ಹೆಬ್ಬೆಟ್ಟೊತ್ತಿದಳು. ಹಣ ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಆಕೆಯ ಮುಖ ನೋಡಲಾಗಲಿಲ್ಲ. ಸೆರಗಿನಿಂದ ಬೆರಳಿನ ಮಸಿ ಉಜ್ಜುತ್ತಾ ಆಕೆಯೇ ಮಾತು ತೆಗೆದಳು.

"ಮಕ್ಳು ಕಮ್ಮಿ ಅಂತಾರಲ್ಲ ಮೇಡಂ, ಮುಂದಿನ್ ವರ್ಸ ನನ್ನೆಸ್ರೂ ಬರ್ಕಳಿ. ನಾನೂ ನಿಮ್ ಸ್ಕೂಲಲ್ಲೇ ಅಲ್ವಾ ಕಲ್ತಿದ್ದು?"