ಅಳತೆಗೆ ಬಂದವರು

ಮೂಲೆಮನೆ ಆಂಟಿಯ ಬಲಗೈ ತೋರುಬೆರಳಿನಲ್ಲಿ ಒಂದು ಗೀರು ಇತ್ತು. ವರ್ಷಗಟ್ಟಲೆ ಉಲನ್ ದಾರ ಓಡಾಡಿ ಬಿದ್ದ ಗೀರು. ಚಪಾತಿ ಹಿಟ್ಟು ಕಲೆಸಿದರೆ ಹಿಟ್ಟು ಅದರೊಳಗೇ ಕೂತುಬಿಡುತ್ತಿತ್ತು, ಹೆಣಿಗೆ ಕಡ್ಡಿಯ ತುದಿಯಿಂದ ಕೆರೆದು ತೆಗೆಯುತ್ತಿದ್ದರು. ನಾನು ಆ ಬೆರಳಿಗೆ ಹೆದರುತ್ತಿದ್ದೆ. ಅದರ ಮುಂದೆ ಸುಳ್ಳು ನಡೆಯುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಮದುವೆಯಾಗಿ ಬೆಂಗಳೂರಿನ ಹೊಸ ತಿಪ್ಪಸಂದ್ರದ ಬಾಡಿಗೆ ಮನೆಯೊಂದಕ್ಕೆ ಬಂದಿದ್ದೆ. ಮಾರ್ಕೆಟ್ ರಸ್ತೆಯ ಹಿಂದಿನ ಬೀದಿ, ಅದರ ಮೂಲೆಯಲ್ಲಿ ಆಂಟಿಯ ಮನೆ. ಯಜಮಾನರು ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಬೀದಿಯ ಹೆಂಗಸರು ಅವರ ವರಾಂಡದಲ್ಲಿ ಸ್ವೆಟರ್ ಹೆಣೆಯಲು ಸೇರುತ್ತಿದ್ದರು. ನನ್ನ ಗಂಡ ನನ್ನನ್ನು ತರಕಾರಿಗೂ ಒಬ್ಬಳೇ ಕಳಿಸದ ಮಹಾಶಯ. ಅಲ್ಲಿಗೆ ಮಾತ್ರ ಬಿಡುತ್ತಿದ್ದ. ಉಲನ್ ಉಂಡೆ ಹಿಡಿದ ಹೆಂಗಸರನ್ನು ಕಂಡರೆ ಯಾವ ಗಂಡಸು ತಾನೇ ಹೆದರುತ್ತಾನೆ?

ಅಲ್ಲೊಂದು ಪದ್ಧತಿ ಇತ್ತು. ಕಾಫಿ ಆದ ಮೇಲೆ ಪ್ರತಿಯೊಬ್ಬಳೂ ತನ್ನ ಹೆಣಿಗೆಯನ್ನು ಪಕ್ಕದವಳ ಕೈಗೆ ಕೊಡಬೇಕು, ಅವಳು ಅದರಲ್ಲಿ ಒಂದು ಸಾಲು ಹಾಕಿ ವಾಪಸ್ ಕೊಡಬೇಕು. "ಒಬ್ಳೇ ಹಾಕಿದ ಸ್ವೆಟರ್ ಬೆಚ್ಚಗಿರಲ್ಲ" ಎನ್ನುತ್ತಿದ್ದರು ಆಂಟಿ. ನಾನೂ ಹಾಗೇ ನಂಬಿದ್ದೆ. ಅದರ ಅಸಲು ಉಪಯೋಗ ಬೇರೆಯೇ ಇತ್ತು. ಮನಸ್ಸಿನಲ್ಲಿ ದಿಗಿಲಿದ್ದವಳು ದಾರವನ್ನು ಬಿಗಿಯಾಗಿ ಎಳೆಯುತ್ತಾಳೆ, ಮಾತಿನಲ್ಲಿ ಎಷ್ಟು ನಕ್ಕರೂ ಕುಣಿಕೆ ಬಿಗಿದುಕೊಳ್ಳುತ್ತದೆ. ಪಕ್ಕದವಳ ಕಡ್ಡಿಗೆ ಅದು ಗೊತ್ತಾಗುತ್ತದೆ.

ಒಂದು ದಿನ ಆಂಟಿ ನನ್ನ ಹೆಣಿಗೆ ತೆಗೆದುಕೊಂಡರು. ಕಡ್ಡಿ ಒಳಗೇ ಹೋಗಲಿಲ್ಲ. ಗೀರಿನ ಬೆರಳನ್ನು ಸಾಲಿನ ಮೇಲೆ ಮೆಲ್ಲಗೆ ಆಡಿಸಿದರು.

"ಕೈ ತುಂಬಾ ಬಿಗಿ ಆಗಿದೆಯಲ್ಲೇ. ಏನಾಯ್ತು?"

"ಏನಿಲ್ಲ ಆಂಟಿ. ಹೊಸಬಳಲ್ವಾ, ಸರಿಯಾಗಿ ಬರಲ್ಲ."

ಅವರು ಮತ್ತೆ ಕೇಳಲಿಲ್ಲ. ನಾನು ಬಿಗಿದ ಸಾಲನ್ನು ಬಿಚ್ಚಲು ಹೋದಾಗ ಮಾತ್ರ ಕೈ ಹಿಡಿದರು. "ಅದಿರ್ಲಿ ಬಿಡು. ಮುಂದಿನ ಸಾಲು ಸಡಿಲವಾಗಿ ಹಾಕು."

ಮುಂದಿನ ಸಾಲು ಸಡಿಲವಾಗುವ ಲಕ್ಷಣವೇ ನನ್ನ ಮನೆಯಲ್ಲಿರಲಿಲ್ಲ. ಸಂಜೆ ಸ್ಕೂಟರಿನ ಸದ್ದು ಬೀದಿಗೆ ತಿರುಗಿದರೆ ಸಾಕು, ಬಾಯಿ ಒಣಗುತ್ತಿತ್ತು. ಇವತ್ತು ಸಾರಿಗೆ ಉಪ್ಪು ಕಮ್ಮಿಯೋ, ಯಾರ ಜೊತೆ ಮಾತಾಡಿದೆ ಅಂತಲೋ, ಏನು ನೆಪ ಅನ್ನುವುದು ಅವನು ಶೂ ಬಿಚ್ಚುವವರೆಗೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಒಂದು ಏಟು ಮುಖಕ್ಕೇ ಬಿದ್ದು ಕೆನ್ನೆ ಕಂದಿತು. ಜನ ನೋಡುತ್ತಾರೆಂದು ಬೆಳಗ್ಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋದ. ಮರುದಿನವೂ ಹಾಗೇ.

ಆ ಮರುದಿನದ ಸಂಜೆ ಸ್ಕೂಟರ್ ನಿಂತು ಬೀಗ ತೆಗೆದ ಹಿಂದೆಯೇ ಗೇಟಿನ ಚಿಲಕ ಸದ್ದಾಯಿತು. ಇಡೀ ವರಾಂಡವೇ ಎದ್ದು ಬಂದಿತ್ತು. ಎಲ್ಲರ ಮುಂದೆ ಆಂಟಿ, ಕೊರಳಲ್ಲಿ ಅಳತೆ ಟೇಪು. ಇವರೇನೋ ಹೋಗಿಬಿಡುತ್ತಾರೆ, ಆಮೇಲೆ ನನ್ನ ಗತಿ?

"ನಿಮಗೊಂದು ಸ್ವೆಟರ್ ಹಾಕೋಣ ಅಂತ ಕಣಪ್ಪ. ಅಳತೆ ಬೇಕಿತ್ತು" ಎಂದರು ಆಂಟಿ.

"ನನಗ್ಯಾಕ್ರೀ ಸ್ವೆಟರ್?"

"ಸ್ಕೂಟರಲ್ಲಿ ಓಡಾಡ್ತೀರ, ಎದೆಗೆ ಥಂಡಿ ಹತ್ತತ್ತೆ. ಎಲ್ಲಿ, ಕೈ ಎತ್ತಿ."

ಅಷ್ಟು ಹೆಂಗಸರ ಮುಂದೆ ಏನು ಮಾಡಿಯಾನು? ಎತ್ತಿದ. ದಿನವಿಡೀ ನಾನು ಹೆದರುತ್ತಿದ್ದ ಆ ಎರಡು ಕೈಗಳು ಸುಮ್ಮನೆ ಗಾಳಿಯಲ್ಲಿ ನಿಂತಿದ್ದವು. ಹಲಸೂರಿನಿಂದ ಮದುವೆಯಾಗಿ ಬಂದಿದ್ದ ತಮಿಳು ಅಕ್ಕ ಎದೆ, ತೋಳು, ಬೆನ್ನು ಅಳೆದಳು. ಕತ್ತಿನ ಅಳತೆಗೆ ಆಂಟಿಯೇ ಬಂದರು. ಟೇಪನ್ನು ಸುತ್ತ ತಂದು, ಎರಡೂ ತುದಿ ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ನೋಡಿದರು.

"ಇವಳ ಕೆನ್ನೆಗೇನಾಯ್ತು?"

"ಬಾಗಿಲು ತಗುಲ್ತು" ಎಂದ.

"ಹೌದಾ? ಹಾಗಿದ್ರೆ ನಾಳೇನೂ ಬರ್ತೀವಿ. ಸ್ವೆಟರ್ ಅಳತೇನೂ ನೋಡ್ದಂಗಾಯ್ತು, ಬಾಗಿಲೂ ನೋಡ್ದಂಗಾಯ್ತು."

ಅವರು ಹೋದ ಮೇಲೆ ಅವನು ಕುರ್ಚಿಯಲ್ಲಿ ಕೂತೇ ಇದ್ದ. ಹೊಡೆಯಲಿಲ್ಲ, ಬೈಯಲಿಲ್ಲ. ಆ ಮೌನಕ್ಕೆ ನಾನು ಏಟಿಗಿಂತ ಹೆಚ್ಚು ಹೆದರಿದೆ. ಅಡಿಗೆಮನೆಯಲ್ಲಿ ಲೋಟ ಇಡುವಾಗಲೂ ಸದ್ದಾಗದಂತೆ ಇಟ್ಟೆ.

ಮರುದಿನ ಸಂಜೆ ಚಿಲಕ ಮತ್ತೆ ಸದ್ದಾಯಿತು. ಅದರ ಮರುದಿನವೂ. ಹೆಣೆದಷ್ಟನ್ನು ಅವನ ಎದೆಗೆ ಹಿಡಿದು ನೋಡುವರು, ಆಂಟಿ ಲೊಚಗುಟ್ಟುವರು. "ಯಾಕೋ ಸರಿ ಬಂದಿಲ್ಲ. ಬಿಚ್ಚಿ ಹಾಕ್ಬೇಕು." ಕಣ್ಣು ಮುಚ್ಚಿ ಹೆಣೆದರೂ ಅಳತೆ ತಪ್ಪದ ಕೈ ಅದು. ಆ ಚಳಿಗಾಲವೆಲ್ಲ ಬೀದಿಯ ಹೆಂಗಸರು ಅದೇ ಸ್ವೆಟರನ್ನು ಹೆಣೆದರು, ಬಿಚ್ಚಿದರು, ಮತ್ತೆ ಹೆಣೆದರು. ಅವನು ಸಿಡಿಮಿಡಿಗುಟ್ಟುತ್ತಿದ್ದ, ಆದರೆ ಬೀಗ ಹಾಕಲಿಲ್ಲ. ಸಂಜೆ ಬಂದು ನನ್ನ ಮುಖ ನೋಡುವವರಿದ್ದಾರೆಂದು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಆಂಟಿ ನನಗೆ ಇಂದಿರಾನಗರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ, ರಾಮಮೂರ್ತಿ ನಗರದಲ್ಲಿ ಗುರುತಿನವರ ಮನೆಯ ಮೇಲೊಂದು ರೂಮು ನೋಡಿದರು. ಅವನ ಸ್ವೆಟರ್ ಮುಗಿಯುವ ಹೊತ್ತಿಗೆ ನಾನು ಆ ಮನೆಯಲ್ಲಿರಲಿಲ್ಲ. ಆಮೇಲೂ ಎಷ್ಟೋ ಕಾಲ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಸ್ಕೂಟರ್ ಸದ್ದಾದರೆ ಜನರ ಹಿಂದೆ ಸರಿದು ನಿಲ್ಲುತ್ತಿದ್ದೆ.

ರಜೆ ಸಿಕ್ಕಾಗಲೆಲ್ಲ ಮೂಲೆಮನೆಗೆ ಹೋಗುತ್ತಿದ್ದೆ. ವರ್ಷಗಳು ಕಳೆದವು. ಹೀಗೇ ಒಂದು ಮಧ್ಯಾಹ್ನ ಕಾಫಿ ಆದ ಮೇಲೆ ಆಂಟಿ ತಮ್ಮ ಹೆಣಿಗೆಯನ್ನು ನನ್ನ ಕೈಗೆ ಕೊಟ್ಟರು. ನನ್ನ ಕಡ್ಡಿ ಒಳಗೆ ಹೋಗಲಿಲ್ಲ.

"ಕೈ ತುಂಬಾ ಬಿಗಿ ಆಗಿದೆಯಲ್ಲಾ ಆಂಟಿ. ಏನಾಯ್ತು?"

ನಾನಾದರೋ ಅಂದು ಸುಳ್ಳು ಹೇಳಿದ್ದೆ. ಅವರು ಸುಳ್ಳು ಹೇಳಲಿಲ್ಲ. "ಹೊಟ್ಟೇಲಿ ಗಡ್ಡೆ ಅಂದ್ರು. ಆಪರೇಷನ್ ಮಾಡೋಕಾಗಲ್ವಂತೆ. ಭಯ ಆಗತ್ತೆ ಕಣೇ. ಸಂಜೆ ಆದ್ರೆ ಒಬ್ಳೇ ಇರೋಕಾಗ್ತಿಲ್ಲ."

ಮೊಳೆಗೆ ನೇತುಹಾಕಿದ್ದ ಟೇಪನ್ನು ತೆಗೆದುಕೊಂಡೆ.

"ನಿಮಗೊಂದು ಸ್ವೆಟರ್ ಹಾಕ್ತೀನಿ. ಕೈ ಎತ್ತಿ ಆಂಟಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಕೈ ಎತ್ತಿದರು. ತೋಳುಗಳು ಆಗಲೇ ಸಣ್ಣಗಾಗಿದ್ದವು.

ದಿನಾ ಸಂಜೆ ಕೆಲಸ ಮುಗಿಸಿ ಅಳತೆ ನೋಡುವ ನೆಪದಲ್ಲಿ ಹೋದೆ, ಬೆಳಗ್ಗೆಯವರೆಗೂ ಇರುತ್ತಿದ್ದೆ. "ಸರಿ ಬಂದಿಲ್ಲ, ಬಿಚ್ಚಿ ಹಾಕ್ಬೇಕು" ಎಂದರೆ ನಗುತ್ತಿದ್ದರು. ಎಷ್ಟು ಬಿಚ್ಚಿ ಹಾಕಿದರೂ ಅವರು ಉಳಿಯಲಿಲ್ಲ. ಹೋಗುವಾಗ ಗೀರಿನ ಬೆರಳು ನನ್ನ ಕೈಯಲ್ಲಿ ಸಡಿಲವಾಗಿತ್ತು.

ಆ ಸ್ವೆಟರಿಗೆ ಕತ್ತು ಒಂದು ಬಾಕಿ ಇದೆ. ಕಡ್ಡಿಯ ಮೇಲೆ ಹಾಗೇ ಇಟ್ಟಿದ್ದೇನೆ. ಮುಗಿಸಿಬಿಟ್ಟರೆ ಅವರನ್ನು ನೋಡಲು ನನಗಿನ್ನು ನೆಪವಿರುವುದಿಲ್ಲ ಎಂದು ಹೆದರಿಕೆ.